ಆರು ಪಿಸ್ಟನ್ ಹಾಕಿಸಿದ ಮೇಲೆ ಬ್ರೇಕ್ ಸೋತಿದ್ದು ಯಾಕೆ? ಒಂದು ಸ್ಪೋರ್ಟ್ಸ್ ಕಾರಿನ ಪ್ರಕರಣ ಅಧ್ಯಯನ

ಎರಡು ಸೀಟಿನ ಹಗುರ ಸ್ಪೋರ್ಟ್ಸ್ ಕಾರು. ಎಂಜಿನ್ ಮುಂದೆ, ಓಡಿಸುವ ಚಕ್ರ ಹಿಂದೆ. ಚಾಲಕರನ್ನೂ ಸೇರಿಸಿ ತೂಕ 1200 ಕೆ.ಜಿ. ಹಳೆಯ ಮಾದರಿ, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲ. ಮಾಲೀಕರು ಇದನ್ನು ಹೆಚ್ಚಾಗಿ ರೇಸ್ ಟ್ರ್ಯಾಕ್‌ನಲ್ಲೇ ಓಡಿಸುತ್ತಾರೆ. ಕಂಪನಿ ಕೊಟ್ಟ ಬ್ರೇಕ್ ಮೊದಲ ಕೆಲವು ಸುತ್ತು ಚೆನ್ನಾಗಿ ಹಿಡಿಯುತ್ತಿತ್ತು. ಆಮೇಲೆ ಬಿಸಿಯೇರಿ ಪೆಡಲ್ ಮೆತ್ತಗಾಗುತ್ತಿತ್ತು. ಇದಕ್ಕೆ ಪರಿಹಾರ ಅಂತ ಮುಂದಿನ ಎರಡು ಚಕ್ರಕ್ಕೆ ಆರು ಪಿಸ್ಟನ್ ಇರುವ ದೊಡ್ಡ ಕ್ಯಾಲಿಪರ್ ಮತ್ತು 330 ಮಿ.ಮೀ. ಡಿಸ್ಕ್ ಹಾಕಿಸಿದರು. ಚಕ್ರದ ಜೊತೆ ತಿರುಗುವ ತಟ್ಟೆ ಡಿಸ್ಕ್. ಅದನ್ನು ಎರಡೂ ಕಡೆಯಿಂದ ಪ್ಯಾಡ್‌ಗಳಿಂದ ಅಮುಕಿ ಹಿಡಿಯುವ ಭಾಗ ಕ್ಯಾಲಿಪರ್. ಆಯಿಲ್ ಒತ್ತಡಕ್ಕೆ ಪ್ಯಾಡನ್ನು ತಳ್ಳುವುದು ಅದರೊಳಗಿನ ಪಿಸ್ಟನ್. ಹಿಂದಿನ ಎರಡು ಚಕ್ರಗಳ ಬ್ರೇಕ್ ಹಾಗೇ ಉಳಿಯಿತು.

ಅಲ್ಲಿಂದ ತೊಂದರೆ ಜಾಸ್ತಿಯೇ ಆಯಿತು. ಪೆಡಲ್ ಮೊದಲಿಗಿಂತ ಆಳಕ್ಕೆ ಹೋಗತೊಡಗಿತು. ಜೋರಾಗಿ ಬ್ರೇಕ್ ಒತ್ತಿದರೆ ಮುಂದಿನ ಚಕ್ರಗಳು ಬೇಗ ಲಾಕ್ ಆಗಿ ಟೈರ್ ಹೊಗೆಯಾಡುತ್ತಿತ್ತು. ಲಾಕ್ ಆಗದಂತೆ ಹದವಾಗಿ ಒತ್ತಿದರೆ ಕಾರು ನಿಲ್ಲಲು ಮೊದಲಿಗಿಂತ ಜಾಸ್ತಿ ಜಾಗ ಬೇಕಾಗುತ್ತಿತ್ತು. ಬ್ರೇಕ್ ಆಯಿಲ್ ಬದಲಿಸಿ, ಗಾಳಿ ತೆಗೆಸಿ ನೋಡಿದ್ದೂ ಆಯಿತು. ಏನೂ ಬದಲಾಗಲಿಲ್ಲ. ಕಾರು ನನ್ನ ಹತ್ತಿರ ಬಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಆರು ಪಿಸ್ಟನ್ ಇದೆ ಅಲ್ವಾ ಸರ್, ಆದ್ರೂ ಯಾಕೆ ಹಿಡೀತಿಲ್ಲ?"

ನ್ಯಾಯವಾದ ಪ್ರಶ್ನೆ. ಪಿಸ್ಟನ್ ಜಾಸ್ತಿ ಆದಷ್ಟೂ ಬ್ರೇಕ್ ಚೆನ್ನಾಗಿರುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಈ ಕಾರಿನಲ್ಲಿ ಆ ನಂಬಿಕೆ ಎಲ್ಲಿ ತಪ್ಪುತ್ತದೆ ಅನ್ನುವುದು ಬರಿಗಣ್ಣಿಗೂ ಕಾಣುತ್ತಿತ್ತು, ಲೆಕ್ಕದಲ್ಲೂ ಸಿಗುತ್ತಿತ್ತು.

ಚಕ್ರ ಬಿಚ್ಚಿದಾಗ ಕಂಡಿದ್ದು

ಮುಂದಿನ ಡಿಸ್ಕ್‌ಗಳ ಮೈ ನೀಲಿಗಟ್ಟಿತ್ತು. ಪ್ಯಾಡ್‌ಗಳ ಅಂಚು ಬೂದು ಬಣ್ಣಕ್ಕೆ ತಿರುಗಿ, ಬೆರಳಲ್ಲಿ ಉಜ್ಜಿದರೆ ಪುಡಿಯಾಗಿ ಉದುರುತ್ತಿತ್ತು. ಎರಡೂ ಮುಂದಿನ ಟೈರ್‌ಗಳಲ್ಲಿ ಅಂಗೈ ಅಗಲದ ಚಪ್ಪಟೆ ಕಲೆಗಳಿದ್ದವು.

ಹಿಂದಿನ ಡಿಸ್ಕ್ ನೋಡಿದರೆ ಅದು ಬೇರೆ ಯಾವುದೋ ಕಾರಿನದ್ದು ಅನ್ನಿಸುವಂತಿತ್ತು. ಮುಂದಿನ ಹೊಸ ಬ್ರೇಕ್ ಕಿಟ್ ಹಾಕುವಾಗಲೇ ಅದನ್ನು ಲೇತ್‌ನಲ್ಲಿ ಸಮ ಮಾಡಿಸಿದ್ದರು. ಆಗ ಬಿದ್ದ ಸಣ್ಣ ಸುತ್ತುಗೆರೆಗಳು ಇನ್ನೂ ಪೂರ್ತಿ ಅಳಿಸಿರಲಿಲ್ಲ, ಉಗುರು ಆಡಿಸಿದರೆ ಕೈಗೆ ಸಿಗುತ್ತಿದ್ದವು. ಹೊರ ಅಂಚಿನಲ್ಲಿ ತೆಳುವಾದ ತುಕ್ಕಿನ ಪಟ್ಟೆ. ಪ್ಯಾಡ್ ಹೊಸದರಷ್ಟೇ ದಪ್ಪ. ಇಷ್ಟು ದಿನ ಟ್ರ್ಯಾಕ್‌ನಲ್ಲಿ ಓಡಿದ ಕಾರಿನ ಹಿಂಬದಿ ಬ್ರೇಕ್ ಹೀಗಿರಬಾರದು.

ಮೊದಲು ಒತ್ತಡದ ಗೇಜ್ ಹಾಕಿ ಮುಂದೆ, ಹಿಂದೆ ಎರಡೂ ಕಡೆ ನೋಡಿದೆ. ಒತ್ತಡ ಸಮ ಇತ್ತು. ಪೈಪಿನಲ್ಲಿ ಅಡಚಣೆ ಇಲ್ಲ, ಸೋರಿಕೆಯೂ ಇಲ್ಲ. ಹಿಂದಿನ ಒತ್ತಡ ತಗ್ಗಿಸುವ ವಾಲ್ವನ್ನು ಟ್ರ್ಯಾಕ್‌ಗೋಸ್ಕರ ತುಂಬಾ ಮುಂಚೆಯೇ ತೆಗೆಸಿದ್ದರು. ಅಂದರೆ ಹಿಂದಿನ ಕ್ಯಾಲಿಪರ್ ಕೆಟ್ಟಿಲ್ಲ. ಅದಕ್ಕೆ ಕೆಲಸ ಮಾಡಲು ಅವಕಾಶವೇ ಸಿಗುತ್ತಿಲ್ಲ.

ಪಿಸ್ಟನ್ ಎಣಿಸುವುದಲ್ಲ, ಅಳೆಯುವುದು

ಮೊದಲಿದ್ದದ್ದು ಒಂದೇ ಪಿಸ್ಟನ್ನಿನ ಫ್ಲೋಟಿಂಗ್ ಕ್ಯಾಲಿಪರ್. ಅದರಲ್ಲಿ ಪಿಸ್ಟನ್ ಡಿಸ್ಕಿನ ಒಳಬದಿಗೆ ಮಾತ್ರ ಇರುತ್ತದೆ. ಅದು ಒಳಗಿನ ಪ್ಯಾಡನ್ನು ತಳ್ಳಿದಾಗ ಕ್ಯಾಲಿಪರ್‌ನ ಇಡೀ ದೇಹ ಪಿನ್‌ಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಡಿಸ್ಕಿಗೆ ಒತ್ತುತ್ತದೆ. ಎರಡೂ ಕಡೆ ಬೀಳುವ ಬಲ ಒಂದೇ. ಫಿಕ್ಸೆಡ್ ಕ್ಯಾಲಿಪರ್ ಅಲುಗಾಡುವುದಿಲ್ಲ. ಅದರ ಎರಡೂ ಬದಿಯಲ್ಲಿ ಎದುರುಬದುರಾಗಿ ಪಿಸ್ಟನ್ ಇರುತ್ತವೆ. ಹಾಗಾಗಿ ಬಲ ಹೋಲಿಸುವಾಗ ಆರು ಪಿಸ್ಟನ್ನನ್ನೂ ಕೂಡಿಸುವ ಹಾಗಿಲ್ಲ. ಒಂದು ಬದಿಯ ಮೂರನ್ನು ಮಾತ್ರ ತೆಗೆದುಕೊಳ್ಳಬೇಕು. ಆ ಮೂರರ ಒಟ್ಟು ವಿಸ್ತೀರ್ಣವೇ ಮುಖ್ಯ.

ಕ್ಯಾಲಿಪರ್ ಬಿಚ್ಚಿ ಅಳೆದೆ. ಹಳೆಯ ಮುಂದಿನ ಪಿಸ್ಟನ್ 57 ಮಿ.ಮೀ. ವ್ಯಾಸ, ಅಂದರೆ 25.5 ಚದರ ಸೆಂ.ಮೀ. ಹೊಸದರಲ್ಲಿ ಒಂದು ಬದಿಗೆ 42, 36 ಮತ್ತು 32 ಮಿ.ಮೀ., ಒಟ್ಟು 32.1 ಚದರ ಸೆಂ.ಮೀ. ಹಿಂದಿನ ಚಕ್ರಕ್ಕೆ 36 ಮಿ.ಮೀ.ನ ಒಂದೇ ಪಿಸ್ಟನ್, 10.2 ಚದರ ಸೆಂ.ಮೀ.

ಇದರ ಜೊತೆ ಡಿಸ್ಕಿನ ಅಳತೆಯೂ ಸೇರಬೇಕು. ಪ್ಯಾಡ್ ಹಿಡಿಯುವ ಜಾಗ ಹಬ್‌ನ (ಚಕ್ರ ಕೂರುವ ಭಾಗದ) ನಡುವಿನಿಂದ ದೂರ ಹೋದಷ್ಟೂ ಅದೇ ಬಲಕ್ಕೆ ಚಕ್ರ ತಡೆಯುವ ಶಕ್ತಿ ಏರುತ್ತದೆ. ಹಳೆಯ ಮುಂದಿನ ಡಿಸ್ಕಿನಲ್ಲಿ ಈ ದೂರ 11.8 ಸೆಂ.ಮೀ., ಹೊಸದರಲ್ಲಿ 14 ಸೆಂ.ಮೀ., ಹಿಂದೆ 12 ಸೆಂ.ಮೀ. ವಿಸ್ತೀರ್ಣವನ್ನು ಈ ದೂರದಿಂದ ಗುಣಿಸಿ. ಪ್ಯಾಡ್‌ನ ಮಸಾಲೆ (ಡಿಸ್ಕಿಗೆ ಉಜ್ಜುವ ವಸ್ತು) ಎಲ್ಲ ಕಡೆ ಒಂದೇ ಆಗಿದ್ದರೆ, ಒಟ್ಟು ಬ್ರೇಕ್‌ನಲ್ಲಿ ಮುಂದಿನ ಪಾಲು ಮೊದಲು ಶೇ. 71 ಇತ್ತು. ಕಿಟ್ ಹಾಕಿದ ಮೇಲೆ ಅದು ಶೇ. 79ರ ಹತ್ತಿರ ಬಂತು. ಅಂದರೆ ಹಿಂಬದಿಯ ಪಾಲು 29ರಿಂದ 21ಕ್ಕೆ ಕುಸಿಯಿತು. ಲೇತ್ ಗೆರೆ ಅಳಿಸದೇ ಉಳಿದದ್ದಕ್ಕೆ ಕಾರಣ ಇದು.

ಹಾಗಾದರೆ ಎಷ್ಟು ಪಾಲು ಸರಿ? ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ವಾಲುತ್ತದೆ. ಈ ಕಾರು ನಿಂತಾಗ ಮುಂದೆ 600, ಹಿಂದೆ 600 ಕೆ.ಜಿ. ಹೊರುತ್ತದೆ. ಗುರುತ್ವ ಕೇಂದ್ರ ನೆಲದಿಂದ ಸುಮಾರು ಅರ್ಧ ಮೀಟರ್ ಎತ್ತರದಲ್ಲಿದೆ, ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) ಎರಡೂವರೆ ಮೀಟರ್. 1 ಜಿ ಬ್ರೇಕಿಂಗ್ ಅಂದರೆ ಪ್ರತಿ ಸೆಕೆಂಡಿಗೆ ವೇಗ ಗಂಟೆಗೆ 35 ಕಿ.ಮೀ.ನಷ್ಟು ಇಳಿಯುವುದು. ಅಷ್ಟು ಜೋರಾಗಿ ಬ್ರೇಕ್ ಹಾಕಿದರೆ 240 ಕೆ.ಜಿ. ಹಿಂದಿನಿಂದ ಮುಂದಕ್ಕೆ ಸರಿಯುತ್ತದೆ. ಆಗ ಮುಂದೆ 840, ಹಿಂದೆ 360. ಅಂದರೆ 70:30. ಬ್ರೇಕಿನ ಪಾಲು ಇದಕ್ಕೆ ಹತ್ತಿರ ಇದ್ದರೆ ನಾಲ್ಕೂ ಟೈರ್ ತಮ್ಮ ಹಿಡಿತವನ್ನು ಪೂರ್ತಿ ಕೊಡುತ್ತವೆ. ಕಂಪನಿಯ ಎಂಜಿನಿಯರ್‌ಗಳು 71 ಇಟ್ಟಿದ್ದು ಸುಮ್ನೆ ಅಲ್ಲ. ಮುಂದಿನ ಚಕ್ರ ಕೂದಲೆಳೆಯಷ್ಟು ಮೊದಲು ಲಾಕ್ ಆಗಲಿ ಅಂತ. ಹಿಂದಿನದು ಮೊದಲು ಲಾಕ್ ಆದರೆ ಕಾರು ಗಿರಕಿ ಹೊಡೆಯುತ್ತದೆ.

ಆರು ಮೀಟರ್

ಟೈರಿನ ಘರ್ಷಣಾ ಗುಣಾಂಕ 1 ಅಂದುಕೊಳ್ಳಿ, ಒಳ್ಳೆಯ ರಸ್ತೆ ಟೈರಿಗೆ ಇದು ಹತ್ತಿರದ ಸಂಖ್ಯೆ. ಗಾಳಿಯ ತಡೆ, ಎಂಜಿನ್ ಬ್ರೇಕಿಂಗ್ ಬಿಟ್ಟುಬಿಡಿ. ಹಳೆಯ ಬ್ರೇಕ್‌ನಲ್ಲಿ ಮುಂದಿನ ಚಕ್ರ ಲಾಕ್ ಆಗುವ ಅಂಚು 0.98 ಜಿ. ಗಂಟೆಗೆ 100 ಕಿ.ಮೀ.ನಿಂದ ನಿಲ್ಲಲು 40 ಮೀಟರ್ ಸಾಕು. ಆರು ಪಿಸ್ಟನ್ ಹಾಕಿದ ಮೇಲೆ ಅಂಚು 0.85 ಜಿಗೇ ಬರುತ್ತದೆ. ಚಾಲಕರು ಅಲ್ಲಿಗೇ ಕಾಲು ಬಿಗಿ ಹಿಡಿಯಬೇಕು. ನಿಲ್ಲಲು 46 ಮೀಟರ್.

ಆರು ಮೀಟರ್ ತಾನೇ ಅನ್ನಿಸಬಹುದು. ಹಳೆಯ ಬ್ರೇಕಿನ ಕಾರು ಪೂರ್ತಿ ನಿಂತ ಜಾಗದಲ್ಲಿ, ಹೊಸ ಬ್ರೇಕಿನ ಕಾರು ಇನ್ನೂ ಗಂಟೆಗೆ 36 ಕಿ.ಮೀ. ವೇಗದಲ್ಲಿ ಹೋಗುತ್ತಿರುತ್ತದೆ. ಮುಂದೆ ಗೋಡೆ ಇದ್ದರೆ ಅದು ಆ ವೇಗದ ಡಿಕ್ಕಿ.

ಒತ್ತಡದ ಕಡೆಯಿಂದ ನೋಡಿದರೆ ಇದು ಇನ್ನೂ ಸ್ಪಷ್ಟ. ಪ್ಯಾಡ್‌ನ ಘರ್ಷಣೆ 0.4, ಚಕ್ರದ ತ್ರಿಜ್ಯ 30 ಸೆಂ.ಮೀ. ಇಟ್ಟುಕೊಂಡರೆ, ಹಳೆಯ ಕ್ಯಾಲಿಪರ್ ಮುಂದಿನ ಟೈರನ್ನು ಅಂಚಿಗೆ ತರಲು ಸುಮಾರು 51 ಬಾರ್ ಒತ್ತಡ ಬೇಕಿತ್ತು. ಅದೇ 51 ಬಾರ್ ಹಿಂದಿನ ಬ್ರೇಕ್‌ಗೂ ಸಿಗುತ್ತಿತ್ತು. ಹೊಸ ಕ್ಯಾಲಿಪರ್ ಎಷ್ಟು ಬಲಶಾಲಿ ಅಂದರೆ 33 ಬಾರ್‌ಗೇ ಮುಂದಿನ ಟೈರ್ ಸೋಲುತ್ತದೆ. ಹಿಂದಿನ ಬ್ರೇಕ್‌ಗೆ ಸಿಗುವುದೂ ಆ 33 ಮಾತ್ರ. ಮುಂದಿನದ್ದು ಬಲ ಜಾಸ್ತಿಯಾಗಿಯೇ ಕಾರಿನ ಒಟ್ಟು ಬ್ರೇಕ್ ಕಡಿಮೆಯಾಯಿತು.

ಮಾಲೀಕರು ಟ್ರ್ಯಾಕ್‌ಗೆ ಹಾಕುವ ಮೃದು ಟೈರಿನಲ್ಲೂ ಇದೇ ಪಾಡು. ಅದರ ಹಿಡಿತ 1.1 ಅಂತ ಇಟ್ಟರೆ, ಆರು ಪಿಸ್ಟನ್ ಜೊತೆ 40.5 ಮೀಟರ್ ಬರುತ್ತದೆ. ಅಂದರೆ ದುಬಾರಿ ಕಿಟ್ ಮತ್ತು ದುಬಾರಿ ಟೈರ್ ಎರಡೂ ಸೇರಿ, ಮಾಮೂಲಿ ಟೈರಿನ ಹಳೆಯ ಕಾರಿನಷ್ಟೇ ದೂರದಲ್ಲಿ ನಿಲ್ಲಿಸುತ್ತಿದ್ದವು. ಅವರ ಮುಖ ಬಾಡಿದ್ದು ಈ ಸಾಲಿಗೆ.

ಎಬಿಎಸ್ ಇದ್ದಿದ್ದರೆ ಕಥೆ ಸ್ವಲ್ಪ ಬೇರೆ. ಪೆಡಲ್ ಪೂರ್ತಿ ಒತ್ತಿದರೆ ಎಬಿಎಸ್ ಮುಂದಿನ ಒತ್ತಡವನ್ನು ಅಂಚಿನಲ್ಲಿ ಹಿಡಿದಿಟ್ಟು, ಹಿಂದಿನದನ್ನು ಏರಲು ಬಿಡುತ್ತದೆ. ಪಾಲಿನ ತಪ್ಪು ಬಹುಪಾಲು ಮುಚ್ಚಿಹೋಗುತ್ತದೆ. ಆದರೆ ಆಗ ಸಾಫ್ಟ್‌ವೇರ್ ತನಗೆ ಗೊತ್ತಿರುವ ಕ್ಯಾಲಿಪರ್‌ಗೆ ಹೊಂದಿಕೊಂಡಿರಬೇಕು. 2018ರಲ್ಲಿ ಟೆಸ್ಲಾ ಮಾಡೆಲ್ 3 ಕಾರನ್ನು ಅಮೆರಿಕದ ಗ್ರಾಹಕ ಪತ್ರಿಕೆ ಕನ್ಸ್ಯೂಮರ್ ರಿಪೋರ್ಟ್ಸ್ ಪರೀಕ್ಷಿಸಿದಾಗ ಗಂಟೆಗೆ 60 ಮೈಲಿಯಿಂದ ನಿಲ್ಲಲು 152 ಅಡಿ ತೆಗೆದುಕೊಂಡಿತ್ತು. ಕಂಪನಿ ಇಂಟರ್ನೆಟ್ ಮೂಲಕವೇ ಸಾಫ್ಟ್‌ವೇರ್ ಅಪ್‌ಡೇಟ್ ಕಳಿಸಿತು. ಮರುಪರೀಕ್ಷೆಯಲ್ಲಿ 133 ಅಡಿ. ಕ್ಯಾಲಿಪರ್, ಡಿಸ್ಕ್, ಪ್ಯಾಡ್ ಯಾವುದನ್ನೂ ಮುಟ್ಟಲಿಲ್ಲ. ಮೀಟರ್‌ನಲ್ಲಿ ಹೇಳಿದರೆ 46ರಿಂದ 40.5. ನಮ್ಮ ಕಾರಿನ ಎರಡು ಸಂಖ್ಯೆಗಳ ಅಂತರವೂ ಹೆಚ್ಚುಕಡಿಮೆ ಅಷ್ಟೇ.

ಪೆಡಲ್ ಆಳಕ್ಕೆ ಹೋಗಿದ್ದು

ಇದಕ್ಕೆ ಎರಡು ಕಾರಣ ಸೇರಿಕೊಂಡಿದ್ದವು. ಅದಕ್ಕೇ ಗಾಳಿ ತೆಗೆಸಿದರೂ ಸರಿಹೋಗಿರಲಿಲ್ಲ.

ಮೊದಲನೆಯದು ಆಯಿಲ್‌ನ ಪ್ರಮಾಣ. ಪ್ಯಾಡ್ ಮತ್ತು ಡಿಸ್ಕ್ ನಡುವಿನ ಸಣ್ಣ ಸಂದು ಮುಚ್ಚಲು ಪಿಸ್ಟನ್ ಹಿಂದೆ ಆಯಿಲ್ ತುಂಬಬೇಕು. ಫ್ಲೋಟಿಂಗ್‌ನಲ್ಲಿ ಒಂದೇ ಪಿಸ್ಟನ್ ಎರಡೂ ಬದಿಯ ಸಂದು ಮುಚ್ಚುತ್ತದೆ, ಅಂದರೆ ಎರಡರಷ್ಟು ದೂರ ಚಲಿಸುತ್ತದೆ. ಫಿಕ್ಸೆಡ್‌ನಲ್ಲಿ ಎರಡು ಬದಿಯ ಪಿಸ್ಟನ್‌ಗಳು ತಂತಮ್ಮ ಸಂದು ಮಾತ್ರ ಮುಚ್ಚುತ್ತವೆ. ಹಾಗಾಗಿ ಇಲ್ಲಿಯೂ ಒಂದು ಬದಿಯ ವಿಸ್ತೀರ್ಣವನ್ನೇ ಹೋಲಿಸಿದರೆ ಸಾಕು. 25.5ರ ಜಾಗಕ್ಕೆ 32.1 ಬಂದಿದೆ. ಮುಂದಿನ ಬ್ರೇಕ್‌ಗೆ ಶೇ. 26ರಷ್ಟು ಜಾಸ್ತಿ ಆಯಿಲ್ ಬೇಕು. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಮಾತ್ರ ಹಳೆಯದೇ. ಆ ಹೆಚ್ಚಿನ ಆಯಿಲ್ಲನ್ನು ಕಾಲೇ ತಳ್ಳಬೇಕಲ್ಲ, ಪೆಡಲ್ ಇಳಿಯುತ್ತದೆ.

ಎರಡನೆಯದು ನಾಕ್‌ಬ್ಯಾಕ್, ಅಂದರೆ ಪಿಸ್ಟನ್ ಹಿಂದಕ್ಕೆ ತಳ್ಳಿಸಿಕೊಳ್ಳುವುದು. ಮುಂದಿನ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದಾಗ ಬೇರಿಂಗ್‌ನಲ್ಲಿ ಸಣ್ಣ ಆಟ ಸಿಕ್ಕಿತು. ತಿರುವಿನಲ್ಲಿ ಹಬ್ ವಾಲಿದಾಗ ಡಿಸ್ಕ್ ಕೂಡ ವಾಲಿ ಪ್ಯಾಡನ್ನು, ಪ್ಯಾಡ್ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ. ಫ್ಲೋಟಿಂಗ್ ಕ್ಯಾಲಿಪರ್ ಪಿನ್ ಮೇಲೆ ಜಾರಿ ಇದನ್ನು ಬಹುಮಟ್ಟಿಗೆ ನುಂಗಿಕೊಳ್ಳುತ್ತದೆ. ಫಿಕ್ಸೆಡ್‌ಗೆ ಜಾರಲು ಬರುವುದಿಲ್ಲ. ತಿರುವು ಮುಗಿಸಿ ಮುಂದಿನ ಬ್ರೇಕಿಂಗ್ ಜಾಗಕ್ಕೆ ಬಂದಾಗ ಮೊದಲ ಒತ್ತು ಆ ಸಂದು ಮುಚ್ಚಲಿಕ್ಕೇ ಖರ್ಚಾಗುತ್ತದೆ. "ಎರಡನೇ ಸಲ ಒತ್ತಿದ್ರೆ ಸರಿ ಇರುತ್ತೆ" ಅಂತ ಮಾಲೀಕರು ಹೇಳಿದ್ದು ಇದನ್ನೇ. ಅದೇ ಬೇರಿಂಗ್ ಆಟ ಮೊದಲೂ ಇದ್ದಿರಬಹುದು, ಹಳೆಯ ಕ್ಯಾಲಿಪರ್ ಅದನ್ನು ಮರೆಮಾಡಿತ್ತು ಅಷ್ಟೇ.

ಹಾಗಾದರೆ ದೊಡ್ಡ ಕ್ಯಾಲಿಪರ್ ದಂಡವೇ?

ಖಂಡಿತ ಅಲ್ಲ. ಇದನ್ನು ಒತ್ತಿ ಹೇಳಬೇಕು. ಇಂಥ ಪ್ರಕರಣ ಕೇಳಿದವರು "ಕಂಪನಿಯದ್ದೇ ಒಳ್ಳೇದು, ಏನೂ ಮುಟ್ಟಬೇಡಿ" ಅನ್ನುವ ಇನ್ನೊಂದು ಕೊನೆಗೆ ಹೋಗಿಬಿಡುತ್ತಾರೆ. ಹಳೆಯ ಬ್ರೇಕ್ ಬಿಸಿಗೆ ಸೋಲುತ್ತಿದ್ದದ್ದು ನಿಜವಾದ ತೊಂದರೆ.

ಗಂಟೆಗೆ 160 ಕಿ.ಮೀ.ನಿಂದ 60ಕ್ಕೆ ಇಳಿಸಲು ಈ ಕಾರಿನ ಬ್ರೇಕ್ ಸುಮಾರು 10 ಲಕ್ಷ ಜೂಲ್ ಶಕ್ತಿಯನ್ನು ಶಾಖ ಮಾಡಬೇಕು. ಒಂದೊಂದು ಮುಂದಿನ ಡಿಸ್ಕಿಗೆ ಮೂರೂವರೆ ಲಕ್ಷದ ಮೇಲೆ ಬೀಳುತ್ತದೆ. 5 ಕೆ.ಜಿ.ಯ ಹಳೆಯ ಡಿಸ್ಕ್ ಒಂದೇ ಬ್ರೇಕಿಂಗ್‌ಗೆ 155 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯೇರುತ್ತದೆ. 8 ಕೆ.ಜಿ.ಯ ಹೊಸದು 100ರ ಆಸುಪಾಸು. ಟ್ರ್ಯಾಕ್‌ನಲ್ಲಿ ಇದು ಪ್ರತಿ ಸುತ್ತಿಗೂ ಹಲವು ಸಲ, ಆರಲು ಬಿಡುವೇ ಇಲ್ಲದೆ ನಡೆಯುತ್ತದೆ. ಆ ಬಿಸಿ ಪ್ಯಾಡ್, ಪಿಸ್ಟನ್ ದಾಟಿ ಆಯಿಲ್‌ಗೆ ಇಳಿಯುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ನೀರಿನ ತೇವ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಆವಿಯ ಗುಳ್ಳೆ, ಗುಳ್ಳೆ ಬಂದರೆ ಮೆತ್ತನೆಯ ಪೆಡಲ್. ದೊಡ್ಡ ಡಿಸ್ಕಿಗೆ ದೊಡ್ಡ, ಉದ್ದನೆಯ ಪ್ಯಾಡ್ ಬೇಕು. ಉದ್ದ ಪ್ಯಾಡನ್ನು ಒಂದೇ ಪಿಸ್ಟನ್ನಿಂದ ನಡುವೆ ಒತ್ತಿದರೆ ತುದಿಗಳು ಸರಿಯಾಗಿ ಕೂರುವುದಿಲ್ಲ. ಜಾಸ್ತಿ ಪಿಸ್ಟನ್ ಬಂದದ್ದು ಈ ಕೆಲಸಕ್ಕೆ.

ಪಿಸ್ಟನ್‌ಗಳ ಅಳತೆ ಬೇರೆ ಬೇರೆ ಇರುವುದೂ ಸುಮ್ಮನೆ ಅಲ್ಲ. ತಿರುಗುವ ಡಿಸ್ಕ್ ಪ್ಯಾಡಿನೊಳಗೆ ಹೋಗುವ ಅಂಚನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಆ ಅಂಚು ಬೇಗ ಸವೆಯುತ್ತದೆ. ಆದ್ದರಿಂದ ಅಲ್ಲಿ ಚಿಕ್ಕ ಪಿಸ್ಟನ್, ಹೊರಬರುವ ತುದಿಗೆ ದೊಡ್ಡದು. ಎಡಬಲ ಅದಲುಬದಲಾದರೆ ಇದು ತಲೆಕೆಳಗಾಗುತ್ತದೆ. ಈ ಕಾರಿನಲ್ಲಿ ಅದನ್ನೂ ನೋಡಿದೆ, ಸರಿಯಾಗಿಯೇ ಕೂರಿಸಿದ್ದರು.

ಇನ್ನು ಗಟ್ಟಿತನ. ಹಳೆಯ ಕ್ಯಾಲಿಪರ್‌ನಲ್ಲಿ 51 ಬಾರ್ ಒತ್ತಡಕ್ಕೆ ಪ್ಯಾಡ್ ಮೇಲೆ ಬೀಳುವ ಬಲ ಸುಮಾರು 13,000 ನ್ಯೂಟನ್, ಅಂದರೆ 1.3 ಟನ್ ಭಾರದಷ್ಟು. ಅಷ್ಟೇ ಬಲ ಕ್ಯಾಲಿಪರನ್ನು ಹಿಂಜಿ ಅಗಲಿಸಲು ನೋಡುತ್ತದೆ. ಅದು ಬಾಯಿ ಬಿಟ್ಟಷ್ಟೂ ಪೆಡಲ್ ಇಳಿಯುತ್ತದೆ, ಕಾಲಿಗೆ ಸಿಗುವ ಸ್ಪಷ್ಟತೆ ಹೋಗುತ್ತದೆ. ಅಲ್ಯೂಮಿನಿಯಂ ಹಗುರ, ಆದರೆ ಅದರ ಗಟ್ಟಿತನ (ಬಾಗದೆ ತಡೆಯುವ ಗುಣ) ಉಕ್ಕಿನ ಮೂರನೇ ಒಂದು ಭಾಗ ಮಾತ್ರ. ಹಾಗಾಗಿ ಡಿಸ್ಕ್ ಮೇಲಿನ ಸೇತುವೆಯ ಭಾಗ ದಪ್ಪಗಿರಬೇಕು. ಎರಡು ಹೋಳು ಜೋಡಿಸುವ ಬದಲು ಒಂದೇ ಗಟ್ಟಿಯಿಂದ ಕಡೆದ ಮೊನೊಬ್ಲಾಕ್ ಕ್ಯಾಲಿಪರ್ ಬಂದದ್ದೂ ಇದಕ್ಕೇ. ಫಾರ್ಮುಲಾ 1 ನಿಯಮಗಳು ಕ್ಯಾಲಿಪರ್ ಲೋಹದ ಈ ಗಟ್ಟಿತನಕ್ಕೆ (ಸ್ಥಿತಿಸ್ಥಾಪಕ ಗುಣಾಂಕಕ್ಕೆ) 80 ಗಿಗಾಪ್ಯಾಸ್ಕಲ್ ಮಿತಿ ಹಾಕಿ, ಒಂದು ಚಕ್ರಕ್ಕೆ ಆರು ಪಿಸ್ಟನ್‌ಗಿಂತ ಜಾಸ್ತಿ ಬೇಡ ಅಂದಿದ್ದವು. ಇನ್ನೂ ಗಟ್ಟಿಯಾದ ವಿಶೇಷ ಲೋಹ ಅಲ್ಲಿ ಎಷ್ಟು ದೊಡ್ಡ ಅನುಕೂಲ ಅನ್ನುವುದು ಆ ಮಿತಿಯಿಂದಲೇ ಗೊತ್ತಾಗುತ್ತದೆ. ತೂಕದ ಕಡೆ ಬುಗಾಟಿ ಇನ್ನೊಂದು ದಾರಿ ಹಿಡಿಯಿತು. 2018ರಲ್ಲಿ ಅದು ತೋರಿಸಿದ ಎಂಟು ಪಿಸ್ಟನ್ನಿನ ಕ್ಯಾಲಿಪರ್ ಅನ್ನು ಟೈಟಾನಿಯಂನಲ್ಲಿ 3ಡಿ ಪ್ರಿಂಟ್ ಮಾಡಿದ್ದರು. 4.9 ಕೆ.ಜಿ.ಯ ಅಲ್ಯೂಮಿನಿಯಂ ಕ್ಯಾಲಿಪರ್ ಜಾಗಕ್ಕೆ 2.9 ಕೆ.ಜಿ. ಚಕ್ರದ ಜೊತೆ ಕುಣಿಯುವ ಭಾರ ಕಡಿಮೆಯಾದಷ್ಟೂ ಟೈರ್ ನೆಲ ಬಿಡುವುದಿಲ್ಲ.

ಪೋರ್ಷೆ 1978ರಲ್ಲಿ 911 ಟರ್ಬೊಗೆ 3.3 ಲೀಟರ್ ಎಂಜಿನ್ ಕೊಟ್ಟಾಗ, ತನ್ನ 917 ರೇಸ್ ಕಾರಿನಿಂದ ಬಂದ ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್ ಅನ್ನು ನಾಲ್ಕೂ ಚಕ್ರಕ್ಕೆ ಹಾಕಿತು. ಮುಂದೆ ಮಾತ್ರ ಅಲ್ಲ. ನಮ್ಮ ಪ್ರಕರಣಕ್ಕೆ ಬೇಕಾದದ್ದು ಆ ವಿವರ.

ಯಾವ ದಾರಿ ಹಿಡಿದೆವು

ಮಾಸ್ಟರ್ ಸಿಲಿಂಡರ್ ದೊಡ್ಡದು ಹಾಕೋಣ ಅಂತ ಮಾಲೀಕರು ಕೇಳಿದರು. ಅದರಿಂದ ಪೆಡಲ್ ಆಳ ಸರಿಹೋಗುತ್ತದೆ, ಪಾಲು ಸರಿಹೋಗುವುದಿಲ್ಲ. ಮುಂದೆ ಹಿಂದೆ ಎರಡಕ್ಕೂ ಒಂದೇ ಒತ್ತಡ ತಾನೇ. ಒತ್ತಡ ಹೊಂದಿಸುವ ವಾಲ್ವ್ ಹಾಕಿದರೆ ಅದು ಹಿಂದಿನ ಒತ್ತಡವನ್ನು ಇನ್ನೂ ಇಳಿಸುತ್ತದೆ, ಏರಿಸುವುದಿಲ್ಲ. ಹಿಂದೆ 40 ಮಿ.ಮೀ. ಪಿಸ್ಟನ್ ಹಾಕಿದರೆ ಮುಂದಿನ ಪಾಲು 75ಕ್ಕೆ ಬರುತ್ತದೆ, ಪೂರ್ತಿ ಸಾಲದು. ಮೇಲಾಗಿ ಇನ್ನಷ್ಟು ಆಯಿಲ್ ಬೇಡುತ್ತದೆ.

ಉಳಿದದ್ದು ಮುಂದಿನ ಕ್ಯಾಲಿಪರನ್ನೇ ಬದಲಿಸುವುದು. 330 ಮಿ.ಮೀ. ಡಿಸ್ಕ್ ಹಾಗೇ ಇರಲಿ, ಅದಕ್ಕೆ ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್. ಇಲ್ಲಿ ಎರಡು ಆಯ್ಕೆ ಇತ್ತು. 38 ಮತ್ತು 34 ಮಿ.ಮೀ. ಪಿಸ್ಟನ್ ಇರುವುದು ಹಾಕಿದರೆ ಪಾಲು ಸರಿಯಾಗಿ 70. ಕಾಗದದ ಮೇಲೆ ಅದೇ ಅತ್ಯುತ್ತಮ, 39.3 ಮೀಟರ್. ಆದರೂ ಬೇಡ ಅಂದೆ. ಟೈರಿನ ಹಿಡಿತ 1.1 ಇದ್ದಾಗ ಭಾರ ಇನ್ನಷ್ಟು ಮುಂದಕ್ಕೆ ಹೋಗಿ ಸರಿಯಾದ ಪಾಲು 72 ಆಗುತ್ತದೆ. 70ರಲ್ಲಿ ಹಿಂದಿನ ಚಕ್ರ ಮೊದಲು ಲಾಕ್ ಆಗುತ್ತದೆ. ಟ್ರ್ಯಾಕ್‌ನಲ್ಲಿ, ಎಬಿಎಸ್ ಇಲ್ಲದ ಕಾರಿನಲ್ಲಿ, ಆ ಅಪಾಯ ಯಾರಿಗೂ ಬೇಡ.

ಹಾಗಾಗಿ 40 ಮತ್ತು 36 ಮಿ.ಮೀ. ಇರುವ ಕ್ಯಾಲಿಪರ್ ಆರಿಸಿದೆವು. ಒಂದು ಬದಿಗೆ 22.7 ಚದರ ಸೆಂ.ಮೀ., ಮುಂದಿನ ಪಾಲು ಶೇ. 72. ರಸ್ತೆ ಟೈರಿನಲ್ಲಿ ಲೆಕ್ಕದ ಪ್ರಕಾರ 41 ಮೀಟರ್. ಕಂಪನಿ ಬ್ರೇಕಿಗಿಂತ ಒಂದು ಮೀಟರ್ ಜಾಸ್ತಿಯೇ! ಮಾಲೀಕರಿಗೆ ಇದನ್ನು ಮೊದಲೇ ಹೇಳಿದೆ. ಮೊದಲ ಸಲ ನಿಲ್ಲಿಸುವಾಗ ದೂರ ತೀರ್ಮಾನಿಸುವುದು ಟೈರ್ ಮತ್ತು ಪಾಲು. ಒಳ್ಳೆಯ ಕ್ಯಾಲಿಪರ್ ಮತ್ತು ದೊಡ್ಡ ಡಿಸ್ಕ್ ಮಾಡುವ ಉಪಕಾರ ಮತ್ತೆ ಮತ್ತೆ ಬ್ರೇಕ್ ಹಾಕಿದಾಗ ಕಾಣುತ್ತದೆ. ಮೃದು ಟೈರ್ ಹಾಕಿದರೆ ಅದೇ ಬ್ರೇಕ್ 36 ಮೀಟರ್‌ಗೆ ನಿಲ್ಲಿಸುತ್ತದೆ, ಮುಂದಿನ ಚಕ್ರವೇ ಮೊದಲು ಲಾಕ್ ಆಗುತ್ತದೆ. ಆಯಿಲ್ ಮೂಲ ಬ್ರೇಕಿಗಿಂತ ಶೇ. 11ರಷ್ಟು ಕಡಿಮೆ ಸಾಕು. ಹಳೆಯ ಮಾಸ್ಟರ್ ಸಿಲಿಂಡರ್‌ನಲ್ಲೇ ಪೆಡಲ್ ಮೇಲೆ ನಿಲ್ಲುತ್ತದೆ, ಕಾಲಿಗೆ ಸ್ವಲ್ಪ ಬಿಗಿ ಅನ್ನಿಸುತ್ತದೆ.

ಮುಂದಿನ ವೀಲ್ ಬೇರಿಂಗ್‌ಗಳನ್ನು ಬದಲಿಸಿದೆವು. ಸುಟ್ಟ ಪ್ಯಾಡ್ ಎಸೆದು ನಾಲ್ಕೂ ಚಕ್ರಕ್ಕೆ ಒಂದೇ ಮಸಾಲೆಯ ಹೊಸ ಪ್ಯಾಡ್ ಹಾಕಿ, ಹದವಾಗಿ ಬಿಸಿ ಮಾಡಿ ಕೂರಿಸಿದೆವು. ಹಿಂದಿನ ಡಿಸ್ಕ್ ಅಂಚಿಗೆ ಬಿಸಿಯಲ್ಲಿ ಬಣ್ಣ ಬದಲಿಸುವ ಪೇಂಟ್ ಬಳಿದೆವು. ಟ್ರ್ಯಾಕ್‌ನಿಂದ ವಾಪಸ್ ಬಂದಾಗ ಆ ಪೇಂಟ್ ಬಣ್ಣ ಬದಲಿಸಿತ್ತು, ಲೇತ್ ಗೆರೆಗಳು ಪೂರ್ತಿ ಅಳಿಸಿ ಡಿಸ್ಕ್ ಕನ್ನಡಿಯಂತಾಗಿತ್ತು. ಮೊದಲ ಒತ್ತಿಗೇ ಪೆಡಲ್ ಸಿಗುತ್ತಿತ್ತು, ಕೊನೆಯ ಸುತ್ತಿನವರೆಗೂ ಮೆತ್ತಗಾಗಲಿಲ್ಲ.

ಇನ್ನು ಮುಂದೆ ಎಚ್ಚರ ಬೇಕಾದ ಜಾಗ ಪ್ಯಾಡ್. ಮುಂದೆ ಮಾತ್ರ 0.5 ಘರ್ಷಣೆಯ ರೇಸ್ ಪ್ಯಾಡ್ ಹಾಕಿ ಹಿಂದೆ 0.4ರದ್ದೇ ಬಿಟ್ಟರೆ, ಪಾಲು ಮತ್ತೆ ಶೇ. 76 ದಾಟುತ್ತದೆ. ಹೊಸ ಕ್ಯಾಲಿಪರ್ ಹಾಕಿದ ಲಾಭವೆಲ್ಲ ಅಲ್ಲಿಗೆ ಹೋಯಿತು. ಅದಕ್ಕೇ ಅವರ ಸರ್ವಿಸ್ ಪುಸ್ತಕದಲ್ಲಿ ಬರೆದುಕೊಟ್ಟಿದ್ದೇನೆ: ಮಸಾಲೆ ಬದಲಿಸುವುದಾದರೆ ನಾಲ್ಕೂ ಚಕ್ರಕ್ಕೆ ಒಟ್ಟಿಗೇ ಬದಲಿಸಿ, ಬೇರೆ ಹಿಡಿತದ ಟೈರ್ ತಂದರೆ ಹಾಕುವ ಮೊದಲು ಪಾಲಿನ ಲೆಕ್ಕ ಮತ್ತೊಮ್ಮೆ ಮಾಡಿಸಿ.